ಮೆಂತ್ಯದ ಪಕ್ಕದಲ್ಲಿ ನನ್ನ ದಿನಚರಿ

ಮೊಮ್ಮಕ್ಕಳೇ, ಸ್ಫೂರ್ತಿ, ಬಸು, ಮೊನ್ನೆ ನಾನು ಮುಂಡರಗಿ ಸಂತೆ ಮುಗಿಸಿ ಬಂದು ಹಿತ್ತಲಿಗೆ ಕಾಲಿಟ್ಟರೆ, ನನ್ನ ದಿನಚರಿಯ ವಹಿಗಳು ಬಕೆಟ್ಟಿನಲ್ಲಿ ನೆನೆಯುತ್ತಿದ್ದವು. ಶಾಯಿ ಬಿಟ್ಟು ನೀರು ನೀಲಿಯಾಗಿತ್ತು. ಪಕ್ಕದಲ್ಲಿ ನಿಮ್ಮಜ್ಜನ ತಂಗಿ ಶಾಂತವ್ವ ಮೆಂತ್ಯ ರುಬ್ಬುತ್ತಿದ್ದಳು. ಹಳೆಯ ಕಾಗದ ನೆನೆಸಿ, ಮೆಂತ್ಯದೊಡನೆ ಅರೆದು, ತೂತು ಮುಚ್ಚಲು ರೊಟ್ಟಿ ಬುಟ್ಟಿಗೆ ಬಳಿಯುವುದು ನಮ್ಮಲ್ಲಿ ರೂಢಿ.

“ನಾಕ ಹಾಳಿ ಓದಿ ನೋಡಿದೆ. ಎಮ್ಮಿ ಈದದ್ದು, ಮಳಿ ಬಂದದ್ದು, ನೀ ಅತ್ತದ್ದು. ಇದನ್ಯಾರ ಓದ್ತಾರ ವೈನಿ?” ಎಂದು ನಕ್ಕಳು.

ಅವನ್ನು ಇಡಲೋ ಬಿಸಾಡಲೋ ಎಂದು ನಾನೂ ವರ್ಷದಿಂದ ಯೋಚಿಸುತ್ತಿದ್ದೆ, ನಿಜ. ಆದರೆ ನನ್ನನ್ನು ಕೇಳದೆ ಓದಿ, ನಕ್ಕು, ನೆನೆಹಾಕಲು ಇವಳ್ಯಾರು? ಎಂದೂ ಎದುರಾಡದ ನಾನು ಒದರಿಯೇ ಬಿಟ್ಟೆ: “ಬುಟ್ಟಿ ತೂತ ಬಿದ್ದಿದ್ರ ನಿನ್ನ ಸೀರಿ ಹರದು ಹಚ್ಚು! ನನ್ನ ಬಾಳೇವು ನಿನಗ ರದ್ದಿ ಆತೇನ?”

ನೆನೆದ ಎಂಟು ವಹಿಗಳ ಪೈಕಿ ಮೂರರಲ್ಲಿ ಒಂದಕ್ಷರವೂ ಉಳಿದಿಲ್ಲ. ನಿಮ್ಮಜ್ಜ ಹಾಸಿಗೆ ಹಿಡಿದ ವರ್ಷದ್ದೂ ಅವುಗಳಲ್ಲಿತ್ತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಉಳಿದ ಐದನ್ನು ಬಿಸಿಲಿಗೆ ಒಣಗಿಸಿ ಟ್ರಂಕಿನಲ್ಲಿಟ್ಟಿದ್ದೇನೆ. ಇನ್ನು ಬಿಸಾಡುವ ಮಾತೇ ಇಲ್ಲ. ಹಾಳೆಗಳು ಅಂಟಿಕೊಂಡಿವೆ, ಮುಂದೆ ನಿಮ್ಮ ಕೈಗೆ ಬಂದಾಗ ಮೆಲ್ಲಗೆ ಬಿಡಿಸಿ. ಓದಲು ಮನಸ್ಸಾಗದಿದ್ದರೂ ಜೋಪಾನವಾಗಿ ಇಡಿ, ಮಕ್ಕಳೇ.