ಡಿಕ್ಕಿ ತಪ್ಪಿಸುವ ಯಂತ್ರದ ಪರೀಕ್ಷೆ

ಮೊಣಕಾಲಿಗೆ ಅರಿಶಿನ ಮೆತ್ತಿಕೊಂಡು ಗಜೇಂದ್ರಗಡದ ಸೈಬರ್ ಕೆಫೆಯಲ್ಲಿ ಕೂತಿದ್ದೇನೆ ಗೆಳೆಯರೇ. ನಗುವುದಾದರೆ ಈಗಲೇ ನಕ್ಕುಬಿಡಿ.

ನಾನೂ ಗೆಳೆಯ ದಾವಲಸಾಬನೂ ಪಾಲಿನಲ್ಲಿ ಇಟ್ಟುಕೊಂಡಿರುವ ಗ್ಲೈಡರಿಗೆ, ಅಂದರೆ ಎಂಜಿನ್ ಇಲ್ಲದ ನಮ್ಮ ಪುಟ್ಟ ವಿಮಾನಕ್ಕೆ, ಡಿಕ್ಕಿ ತಪ್ಪಿಸುವ ಯಂತ್ರವೊಂದನ್ನು ಆರಿಸಬೇಕಿತ್ತು. ಪರೀಕ್ಷೆಗೆಂದು ಎರಡು ತರಿಸಿದ್ದೆವು. ಒಂದು ಬರೀ ಕೂಗುತ್ತದೆ. ಇನ್ನೊಂದು ಕೂಗುವುದಲ್ಲದೆ, ಎದುರಿನವನು ಎಲ್ಲಿದ್ದಾನೆಂದು ಪರದೆಯ ಮೇಲೆ ಚುಕ್ಕಿಯಿಟ್ಟು ತೋರಿಸುತ್ತದೆ. ನನಗೆ ಪರದೆಯದೇ ಬೇಕು. "ಕೂಗಿದ್ರ ಸಾಕಲೇ, ನೋಡಾಕ ಕಣ್ಣ ಅದಾವಲ್ಲ" ಎಂದ ದಾವಲ.

ಇಂಥ ಯಂತ್ರ ಇನ್ನೊಂದು ಇಂಥದ್ದನ್ನು ಮಾತ್ರ ಗುರುತಿಸುತ್ತದೆ. ಹಾಗಾಗಿ ಒಂದೊಂದನ್ನು ಬೈಕಿಗೆ ಕಟ್ಟಿಕೊಂಡು ಅಬ್ಬಿಗೇರಿಯ ಹೊಲದ ದಾರಿಯಲ್ಲಿ ಎದುರುಬದುರು ಹೊರಟೆವು. ನನ್ನ ಪರದೆಯಲ್ಲಿ ದಾವಲ ಚುಕ್ಕಿಯಾಗಿ ಬಂದ. ಎಷ್ಟು ಚಂದ ಬರುತ್ತಿದ್ದ! ನೋಡುತ್ತಲೇ ಇದ್ದೆ. ಅವನು ಪಕ್ಕಕ್ಕೆ ಸರಿದ, ಚುಕ್ಕಿಯೂ ಸರಿಯಿತು, ಚುಕ್ಕಿಯ ಹಿಂದೆ ನನ್ನ ಹ್ಯಾಂಡಲ್ಲೂ.

ಇಬ್ಬರೂ ಕರಿಮಣ್ಣಿನಲ್ಲಿ ಬಿದ್ದೆವು. ಯಂತ್ರಗಳೆರಡೂ ಇನ್ನೂ ಕೂಗುತ್ತಿದ್ದವು. ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಅಜ್ಜಿ ಎದ್ದು ನಿಂತಳು.

"ಇಷ್ಟ ದೊಡ್ಡ ಅಡವ್ಯಾಗ ಇರಾವ್ರ ನೀವಿಬ್ರು. ಹುಡಿಕ್ಯಾಡಿ ಬಂದು ಹಾಯ್ದ್ರಲ್ರೋ ಯಪ್ಪಾ!"

ಬರೀ ಕೂಗುವುದನ್ನೇ ಕೊಳ್ಳುವುದೆಂದು ಬಿದ್ದಲ್ಲೇ ತೀರ್ಮಾನವಾಯಿತು. ಇಷ್ಟು ವರ್ಷ ಆಕಾಶದಲ್ಲಿ ಒಂದು ಹದ್ದಿಗೂ ತಾಗದೆ ಹಾರಿದವನು ನಾನು. ಡಿಕ್ಕಿ ಹೊಡೆಯಲು ಡಿಕ್ಕಿ ತಪ್ಪಿಸುವ ಯಂತ್ರವೇ ಬರಬೇಕಾಯಿತು.