ಬಲಕ್ಕೆ ತಿರುಗುವವರ ಗಮನಕ್ಕೆ

ನಿಮಗೆ ಬಲಕ್ಕೆ ತಿರುಗಲು ಬರುತ್ತದೆಯೇ? ಹಾಸಿಗೆಯಲ್ಲಿ ಮಗ್ಗುಲು ಬದಲಿಸುವ ಮಾತಲ್ಲ. ಅದು ಸೊಂಟ ಒಪ್ಪಿದ ದಿನ ನನಗೂ ಬರುತ್ತದೆ. ನಾನು ಕೇಳುತ್ತಿರುವುದು ಕಾರಿನಲ್ಲಿ ಕುಳಿತು, ಸಿಗ್ನಲ್ಲೂ ಪೊಲೀಸರೂ ಇಲ್ಲದ ಕೂಡುರಸ್ತೆಯಲ್ಲಿ, ಬೆಳಗಿನ ಬಸ್ಸುಗಳ ಹೊತ್ತಿಗೆ ತಿರುಗುವುದನ್ನು. ‘ಬರುತ್ತದೆ’ ಎಂದು ತಟ್ಟನೆ ಹೇಳಿದಿರಾದರೆ ನಿಮಗೆ ನಿಯಮ ಗೊತ್ತಿಲ್ಲವೆಂದು ಅರ್ಥ. ನಿಯಮ ಗೊತ್ತಿದ್ದವರು ನಮ್ಮ ಓಣಿಯ ಬಾಯಿಯಲ್ಲಿ ಬಲಕ್ಕೆ ತಿರುಗಿದ್ದನ್ನು ನಾನು ಕಂಡಿರಲಿಲ್ಲ.

ನನ್ನ ಸೊಸೆ ಪ್ರೆಸಿಲ್ಲಾಳಿಗೆ ನಿಯಮ ಗೊತ್ತು. ನನ್ನ ಮಗ ಹಡಗಿನವನು, ಊರಿಗಿಂತ ನೀರಿನಲ್ಲೇ ಹೆಚ್ಚು ಇರುವವನು. ಇವಳು ಮಸ್ಕತ್ತಿನಲ್ಲಿ ನರ್ಸ್ ಆಗಿದ್ದಳು. ಕಾರು ಓಡಿಸಲು ಕಲಿತದ್ದೂ ಅಲ್ಲಿಯೇ. ಈ ವರ್ಷ ಎಲ್ಲ ಬಿಟ್ಟು ಮಂಗಳೂರಿಗೆ ಬಂದಳು, ಬೈಕಂಪಾಡಿಯ ಒಂದು ಕಾರ್ಖಾನೆಯ ಚಿಕಿತ್ಸಾಲಯದಲ್ಲಿ ಕೆಲಸ ಹಿಡಿದಳು. ಮಸ್ಕತ್ತಿನ ಆಸ್ಪತ್ರೆಯವರು ಮಾತ್ರ ಅವಳ ಜಾಗವನ್ನು ಇನ್ನೂ ಖಾಲಿ ಇಟ್ಟು, ‘ಬರುತ್ತೀಯಾ ಇಲ್ಲವಾ ತಿಂಗಳ ಕೊನೆಗೆ ಹೇಳು’ ಎಂದಿದ್ದರು. ಅವಳು ಬಂದ ಮೇಲೆ ನನಗೆ ಸಂಜೆಯ ಚಾಕ್ಕೆ ಜೊತೆಯಾಗಿ, ಜಗಳಕ್ಕೆ ಸಮಾನಳಾಗಿ ಒಂದು ಜನ ಸಿಕ್ಕಿತ್ತು. ಅಂಥ ಜನವನ್ನು ಮಸ್ಕತ್ತಿಗೆ ಮರಳಿ ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ. ಆದರೆ ಅವಳು ಇಲ್ಲಿ ಉಳಿಯುವುದು ಬಿಡುವುದು ನನ್ನ ಮನಸ್ಸಿನ ಮೇಲೆ ನಿಂತಿರಲಿಲ್ಲ, ನಮ್ಮ ಓಣಿಯ ಬಾಯಿಯಲ್ಲಿ ನಿಂತಿತ್ತು.

ಓಣಿ ಹೋಗಿ ಸೇರುವುದು ದೊಡ್ಡ ರಸ್ತೆಗೆ. ಬಲಕ್ಕೆ ತಿರುಗಿದರೆ ಬೈಕಂಪಾಡಿಗೆ ಹತ್ತಿರದ ದಾರಿ. ಎಡಕ್ಕೆ ತಿರುಗಿದರೆ ಪಂಪ್‌ವೆಲ್ ಸರ್ಕಲಿಗೆ ಹೋಗಿ, ಫ್ಲೈಓವರಿನ ಅಡಿಯಲ್ಲಿ ಊರಿನ ಸಮಸ್ತ ಬಸ್ಸುಗಳ ಜೊತೆ ನಿಂತು, ಆಮೇಲೆ ಹೆದ್ದಾರಿ ಹಿಡಿಯಬೇಕು. ಪ್ರೆಸಿಲ್ಲಾ ಎಡಕ್ಕೇ ತಿರುಗುತ್ತಿದ್ದಳು. ಕೆಲಸಕ್ಕೆ ಮಾತ್ರವಲ್ಲ, ಎಲ್ಲಿಗೆ ಹೋಗುವುದಿದ್ದರೂ. ನಮ್ಮ ಚರ್ಚು ಓಣಿಯ ಬಲಕ್ಕೆ, ಗಂಟೆಯ ಸದ್ದು ಅಡುಗೆಮನೆಗೆ ಕೇಳುವಷ್ಟು ದೂರದಲ್ಲಿದೆ. ಅಲ್ಲಿಗೂ ನಾವು ಪಂಪ್‌ವೆಲ್ಲಿನ ಮೇಲಿಂದ ಹೋಗಿ, ಪೂಜೆ ಅರ್ಧ ಮುಗಿದ ಮೇಲೆ ತಲುಪುತ್ತಿದ್ದೆವು. ಪಾದ್ರಿಗಳು ನಮ್ಮನ್ನು ಭಕ್ತಿ ಕಡಿಮೆಯಾದವರೆಂದು ತಿಳಿದರು. ನಾನು ತಿದ್ದಲಿಲ್ಲ, ಏಕೆಂದರೆ ಬಲಕ್ಕೆ ತಿರುಗಲು ಬಾರದವರೆಂದು ತಿಳಿಯುವುದಕ್ಕಿಂತ ಅದು ಮೇಲು.

ಮೊದಲಿಗೆ ಅವಳು ಪ್ರಯತ್ನಿಸದೆ ಇರಲಿಲ್ಲ. ಒಂದು ದಿನ ಓಣಿಯ ಬಾಯಿಯಲ್ಲಿ ಕಾಯುತ್ತಿದ್ದಾಗ ಬಲಗಡೆಯಿಂದ ಬಂದ ಸಿಟಿ ಬಸ್ಸಿನವನು ದೀಪ ಮಿನುಗಿಸಿದ. ಅವಳಿದ್ದ ಊರಿನಲ್ಲಿ ಹಾಗೆ ಮಿನುಗಿಸಿದರೆ ‘ನೀನು ಮೊದಲು ಹೋಗು ತಂಗಿ’ ಎಂದು. ಇಲ್ಲಿ ಮಿನುಗಿಸಿದರೆ ‘ನಾನು ಬಂದೆ, ಇನ್ನು ನಿನ್ನ ಹಣೆಬರಹ’ ಎಂದು. ಇವಳು ನಗುತ್ತಾ ಕೈಯೆತ್ತಿ ವಂದನೆ ಹೇಳಿ ಕಾರನ್ನು ಮುಂದೆ ತಂದಳು. ಬ್ರೇಕಿನ ಸದ್ದಿಗೆ ಎದುರಿನ ತೆಂಗಿನ ಮರದ ಕಾಗೆಗಳೆಲ್ಲ ಎದ್ದವು. ಯಾರಿಗೂ ಏನೂ ಆಗಲಿಲ್ಲ, ಆದರೆ ಅಂದಿನಿಂದ ಅವಳ ಪಾಲಿಗೆ ಬಲಗಡೆ ಎಂಬ ದಿಕ್ಕೇ ಹೋಯಿತು.

ಆ ಸಂಜೆ ಅವಳು ಇಲ್ಲಿನ ಲೈಸೆನ್ಸಿಗೆ ಓದಿದ್ದ ಪುಸ್ತಕದ ಮಾತುಗಳನ್ನು ನನಗೆ ಹೇಳಿಕೊಟ್ಟಳು. ಸಣ್ಣ ರಸ್ತೆಯಿಂದ ದೊಡ್ಡದಕ್ಕೆ ಬರುವವರು ದೊಡ್ಡ ರಸ್ತೆಯವರಿಗೆ ದಾರಿ ಬಿಡಬೇಕು. ಎರಡೂ ಸಮ ಎನ್ನುವಂತಿದ್ದರೆ ಬಲಗಡೆಯಿಂದ ಬರುವವರಿಗೆ ಬಿಡಬೇಕು. ಬಲಕ್ಕೆ ತಿರುಗುವವರು ಎದುರಿನಿಂದ ನೇರ ಬರುವವರಿಗೆ ಬಿಡಬೇಕು. ಯಾವ ಕಡೆಗೆ ತಿರುಗುವವರೇ ಆಗಲಿ, ನಡೆದು ದಾಟುವವರಿಗೆ ಬಿಡಲೇಬೇಕು. ಕೇಳುತ್ತ ಕೇಳುತ್ತ ನನಗೆ ಇದು ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು. ನಾನು ಮದುವೆಯಾಗಿ ಬಂದಾಗ ನನಗೆ ಹೇಳಿಕೊಟ್ಟದ್ದೂ ಇದನ್ನೇ. ಸಣ್ಣ ಮನೆಯಿಂದ ದೊಡ್ಡ ಮನೆಗೆ ಬಂದವಳು ನಾನು. ಅತ್ತೆ ನೇರ ಬರುತ್ತಿದ್ದರು, ನಾದಿನಿಯರು ಬಲಗಡೆಯಿಂದ ಬರುತ್ತಿದ್ದರು, ನಾನು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ಕಾಯುತ್ತಿದ್ದೆ. ದಾರಿ ತಾನಾಗಿ ತೆರವಾಗುವುದಿಲ್ಲ ಎಂದು ತಿಳಿದ ದಿನ ಕುದಿಯುವ ಗಂಜಿಯ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಡೆದೆ. ಬಿಸಿ ಪಾತ್ರೆ ಹಿಡಿದವರಿಗೆ ದಾರಿ ಬಿಡದ ಮನೆ ಈ ಲೋಕದಲ್ಲಿಲ್ಲ. ಆ ನಿಯಮವನ್ನು ಯಾಕೋ ಪುಸ್ತಕದವರು ಸೇರಿಸಿಲ್ಲ.

ಈಗ ಇದನ್ನು ಫೋನಿನಲ್ಲಿ ಒತ್ತುತ್ತಿರುವಾಗಲೂ ನೋಡಿ, ನನ್ನ ಎರಡು ಹೆಬ್ಬೆರಳುಗಳು ಒಂದೇ ಅಕ್ಷರಕ್ಕೆ ಒಟ್ಟಿಗೆ ಬಂದು ಢಿಕ್ಕಿ ಹೊಡೆಯುತ್ತವೆ. ಯಾವುದು ಮೊದಲೆಂದು ಎರಡಕ್ಕೂ ಗೊತ್ತಿಲ್ಲ. ಎರಡೂ ಮರ್ಯಾದಸ್ಥ ಬೆರಳುಗಳೆಂದು ಸುಮ್ಮನೆ ಬಿಟ್ಟರೆ ಎರಡೂ ನಿಂತುಬಿಡುತ್ತವೆ, ಪದ ಮುಂದೆ ಹೋಗುವುದಿಲ್ಲ. ನಯ ಎಂಬುದು ಒಳ್ಳೆಯದೇ, ಆದರೆ ಅದಕ್ಕೂ ಒಬ್ಬರು ಮೊದಲು ಹೊರಡಬೇಕು.

ನನ್ನ ಗಂಡ ಬದುಕಿದ್ದಾಗ ನಮ್ಮಲ್ಲಿ ಈ ಸಮಸ್ಯೆ ಇರಲಿಲ್ಲ. ಅವರು ಕಾರು ಓಡಿಸುತ್ತಿದ್ದರು, ನಾನು ಎಡಗಡೆಯ ಕಿಟಕಿಯಿಂದ ಕೈ ಹೊರಗೆ ಹಾಕುತ್ತಿದ್ದೆ. ಬಳೆಯಿರುವ ಕೈಗೆ ಬಸ್ಸಿನವರೂ ನಿಲ್ಲುತ್ತಿದ್ದರು. ನೇರ ಹೋಗುವುದಿದ್ದರೆ ನನ್ನವರು ಎರಡೂ ಬದಿಯ ದೀಪಗಳನ್ನು ಒಟ್ಟಿಗೆ ಹಾಕುತ್ತಿದ್ದರು, ‘ನಾನು ಎಲ್ಲಿಗೂ ತಿರುಗುವವನಲ್ಲ’ ಎಂದು ಊರಿಗೆ ತಿಳಿಸಲು. ಅದು ಗಾಡಿ ಕೆಟ್ಟು ನಿಂತಾಗ ಹಾಕುವ ದೀಪವೆಂದು ಪ್ರೆಸಿಲ್ಲಾ ಹೇಳಿದ ಮೇಲೆಯೇ ನನಗೆ ತಿಳಿದದ್ದು. ಅಷ್ಟು ವರ್ಷ ನಾವು ಕೆಟ್ಟು ನಿಂತವರಂತೆ ಮಂಗಳೂರಿಡೀ ಓಡಾಡಿದ್ದೆವು.

ಬೈಕಂಪಾಡಿಯಲ್ಲಿ ಸೊಸೆ ಮತ್ತೆ ಮತ್ತೆ ತಡವಾದಳು. ಅಲ್ಲಿನ ಮ್ಯಾನೇಜರು ಇನ್ನೊಮ್ಮೆ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆಂದರು. ಅವಳು ಸಂಜೆ ಚಾ ಕುಡಿಯುತ್ತ, ‘ತಿರುಗಲಿಕ್ಕೆ ಬಿಡದ ಊರಿನಲ್ಲಿ ಎಂತ ಮಾಡುವುದು, ಮಸ್ಕತ್ತಿಗೆ ಹೂಂ ಅಂತ ಬರೆದುಬಿಡ್ತೇನೆ’ ಎಂದಳು. ನಾನು ಮರುದಿನ ಬೆಳಿಗ್ಗೆ ಕಾರಿನ ಎಡಗಡೆಯ ಸೀಟಿನಲ್ಲಿ ಹೋಗಿ ಕುಳಿತೆ. (ನಮ್ಮಿಬ್ಬರ ಮಾತು ನಡೆಯುವುದು ಕೊಂಕಣಿಯಲ್ಲಿ, ಅದರಲ್ಲಿ ‘ಮಾಯ್’ ಎಂದರೆ ಅತ್ತೆ, ಕನ್ನಡಕ್ಕೆ ತರುವವಳು ನಾನೇ ಆದ್ದರಿಂದ ನನ್ನ ಮಾತು ಸ್ವಲ್ಪ ಚಂದ ಕಂಡರೆ ಆಶ್ಚರ್ಯವಿಲ್ಲ.)

“ನೀವು ಎಲ್ಲಿಗೆ ಮಾಯ್?”

“ಚರ್ಚಿನ ಹತ್ತಿರ ಬಿಡು. ಪಂಪ್‌ವೆಲ್ ಮೇಲಿಂದ ಬೇಡ, ನನಗೆ ತಲೆ ಸುತ್ತುತ್ತದೆ.”

ಓಣಿಯ ಬಾಯಿಯಲ್ಲಿ ಕಾರು ನಿಂತಿತು. ಬಲದೀಪ ಟಿಕ್ ಟಿಕ್ ಎನ್ನುತ್ತಿತ್ತು. ಬಲಗಡೆಯಿಂದ ಬಸ್ಸು, ಅದರ ಹಿಂದೆ ಅದನ್ನು ಹಿಂದಿಕ್ಕಲು ಹೊರಟ ಇನ್ನೊಂದು ಬಸ್ಸು, ಸ್ಕೂಟರು, ಗ್ಯಾಸಿನ ಲಾರಿ. ಎಡಗಡೆಯಿಂದ ರಿಕ್ಷಾಗಳ ಮೆರವಣಿಗೆ. ನಾನು ಕಿಟಕಿಯಿಂದ ಕೈ ಹಾಕಿದೆ.

“ಕೈ ಒಳಗೆ ತೆಗೀರಿ. ಅದು ರೂಲ್ ಅಲ್ಲ.”

“ರೂಲ್ ಪ್ರಕಾರ ಇವರು ಎಷ್ಟು ಹೊತ್ತಿಗೆ ಮುಗೀತಾರೆ?”

ಅವಳು ಗಡಿಯಾರ ನೋಡಿದಳು. ಅವಳ ಕೈ ಎಡಕ್ಕೆ ತಿರುಗುವ ದೀಪದ ಕಡೆಗೆ ಹೋಯಿತು. ನಾನು ಬಾಗಿಲು ತೆರೆದು ಇಳಿದೆ.

ಚೀಲ ಸೀಟಿನಲ್ಲೇ ಉಳಿಯಿತು, ಕೊಡೆ ಕೈಯಲ್ಲಿತ್ತು. ಮುಚ್ಚಿದ ಕೊಡೆಯನ್ನು ಅಡ್ಡ ಹಿಡಿದು ರಸ್ತೆಯ ನಡುವಿನ ಬಿಳಿ ಗೆರೆಯವರೆಗೂ ನಡೆದು ನಿಂತೆ. ಪಂಪ್‌ವೆಲ್ಲಿಗೆ ಹೋಗುವ ಬಸ್ಸು ನಿಂತಿತು. ಎದುರಿನ ಬದಿಯಲ್ಲಿ ರಿಕ್ಷಾಗಳು ನಿಂತವು. ನಮ್ಮ ರಸ್ತೆ ಅಷ್ಟು ಖಾಲಿಯಾಗಿ, ಅಷ್ಟು ಚೆನ್ನಾಗಿ ಕಂಡದ್ದನ್ನು ನಾನು ನೋಡಿರಲಿಲ್ಲ. ನಾನು ಪ್ರೆಸಿಲ್ಲಾಳಿಗೆ ‘ಬಾ’ ಎಂದು ಕೊಡೆ ಬೀಸಿದೆ.

ಅವಳು ಬರಲಿಲ್ಲ. ಗಾಜಿನ ಹಿಂದಿನಿಂದ ನನಗೆ ‘ದಾಟಿ’ ಎಂದು ಕೈ ತೋರಿಸಿದಳು. ಏಕೆಂದರೆ ಈಗ ನಾನು ಅತ್ತೆಯಾಗಿರಲಿಲ್ಲ, ನಡೆದು ದಾಟುವವಳಾಗಿದ್ದೆ. ತಿರುಗುವವರು ನಡೆದು ದಾಟುವವರಿಗೆ ದಾರಿ ಬಿಡಲೇಬೇಕು. ನಾನು ‘ಬಾ’ ಎಂದೆ, ಅವಳು ‘ದಾಟಿ’ ಎಂದಳು. ಬಸ್ಸಿನವರು ನನಗಾಗಿ ನಿಂತಿದ್ದರು, ನಾನು ಅವಳಿಗಾಗಿ ನಿಂತಿದ್ದೆ, ಅವಳು ನನಗಾಗಿ ನಿಂತಿದ್ದಳು.

ಬಸ್ಸಿನ ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್, ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಕರೆದು ಕೇಳಿದ, “ಬಾಯಮ್ಮ, ದಾಟ್ಲಿಕ್ಕೆ ಉಂಟಾ, ಅಲ್ಲ ನಿಲ್ಲಲಿಕ್ಕೆ ಬಂದದ್ದಾ?”

“ಕಾರಿಗೆ ದಾರಿ ಬಿಡಿ,” ಎಂದೆ.

“ನಾವು ಬಿಟ್ಟಾಯ್ತು. ಕಾರಿನವರು ನಿಮಗೆ ಬಿಟ್ಟದ್ದು.”

ಆಚೆ ಬದಿಯ ರಿಕ್ಷಾದವನು ತಲೆ ಹೊರಗೆ ಹಾಕಿದ. “ಅವರು ನಿಮಗೆ ನಿಂತದ್ದು, ನೀವು ಅವರಿಗೆ ನಿಂತದ್ದು. ನಾವೆಲ್ಲ ಯಾರಿಗೆ ನಿಂತದ್ದು ಮಾರಾಯ್ರೆ?”

ಪ್ರೆಸಿಲ್ಲಾ ಮತ್ತೊಮ್ಮೆ ಗಡಿಯಾರ ನೋಡಿದ್ದು ನನಗೆ ಕಾಣಿಸಿತು. ನಾನು ಕದಲಲಿಲ್ಲ, ಕದಲಿದರೆ ಬಸ್ಸು ಹೊರಡುತ್ತದೆ, ಇವಳು ಎಡಕ್ಕೆ ಹೋಗುತ್ತಾಳೆ, ಎಡಕ್ಕೆ ಹೋದರೆ ಕೊನೆಗೆ ಮಸ್ಕತ್ತಿಗೆ ಹೋಗುತ್ತಾಳೆ. ಕೊಡೆಯನ್ನು ನೆಲಕ್ಕೆ ಊರಿ, ಈ ಜಾಗದಲ್ಲೇ ವಾಸವಿರುವವಳಂತೆ ನಿಂತೆ. ಕ್ಷಣ ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಆಮೇಲೆ ಕಾರು ಮೆಲ್ಲಗೆ ಮುಂದೆ ಬಂತು, ನನ್ನನ್ನು ಬಳಸಿಕೊಂಡು, ಸೀರೆಯ ಸೆರಗಿಗೆ ಗಾಳಿ ತಾಗುವಷ್ಟು ಹತ್ತಿರದಲ್ಲಿ, ಬಲಕ್ಕೆ ತಿರುಗಿತು. ತಿರುಗಿದ ಮೇಲೆ ಅದು ನಿಲ್ಲಲಿಲ್ಲ. ಕೂಡುರಸ್ತೆಯಲ್ಲಿ ನಿಲ್ಲಿಸಬಾರದೆಂಬುದೂ ಪುಸ್ತಕದಲ್ಲಿದೆಯಂತೆ. ನನ್ನ ಚೀಲ, ಫೋನು, ಚರ್ಚಿಗೆ ಹೋಗುವ ನನ್ನ ಸುಳ್ಳು, ಎಲ್ಲವನ್ನೂ ಹೊತ್ತುಕೊಂಡು ಬೈಕಂಪಾಡಿಯ ಕಡೆಗೆ ಹೋಯಿತು.

“ಹತ್ತಿ ಬಾಯಮ್ಮ,” ಎಂದ ಕಂಡಕ್ಟರ್. “ಇನ್ನು ನಿಮ್ಮನ್ನು ಇಲ್ಲಿ ಬಿಟ್ರೆ ನಾಳೆ ತನಕ ಬ್ಲಾಕ್.”

ಹಾಗೆ ನಾನು ಪಂಪ್‌ವೆಲ್ಲಿಗೆ ಹೋದೆ. ಫ್ಲೈಓವರಿನ ಅಡಿಯಲ್ಲಿ ಬಸ್ಸಿನ ಕಿಟಕಿಯ ಪಕ್ಕ ಕುಳಿತು ಬಹಳ ಹೊತ್ತು ಯೋಚಿಸಿದೆ. ದಾರಿ ಬಿಡುವುದು ಹೇಗೆಂದು ನಮಗೆ ಚಿಕ್ಕಂದಿನಿಂದ ಹೇಳಿಕೊಡುತ್ತಾರೆ. ಬಿಟ್ಟ ದಾರಿಯನ್ನು ಹಿಡಿಯುವುದು ಹೇಗೆಂದು ಯಾರೂ ಹೇಳಿಕೊಡುವುದಿಲ್ಲ. ಒಬ್ಬರು ನಮಗಾಗಿ ನಿಂತಾಗ ಅವರನ್ನು ನಿಂತಲ್ಲೇ ಬಿಟ್ಟು ಮುಂದೆ ಹೋಗುವುದಕ್ಕೆ ಒಂದು ಕಟುವಾದ ಧೈರ್ಯ ಬೇಕು. ನನ್ನ ಸೊಸೆಗೆ ಆ ಧೈರ್ಯ ಬಂದಿತ್ತು. ನನ್ನ ಮೇಲೆಯೇ ಬಂದಿತ್ತು ಎಂಬುದು ಬೇರೆ ಮಾತು. ನನಗೆ ಸಂತೋಷವೂ ಸಿಟ್ಟೂ ಒಂದೇ ಸಮಯಕ್ಕೆ ಬಂದು ಎದೆಯಲ್ಲಿ ನಿಂತವು, ಯಾವುದಕ್ಕೆ ಮೊದಲು ಎಂದು ನಾನೂ ನಿರ್ಧರಿಸಲಿಲ್ಲ.

ಸಂಜೆ ಅವಳು ಮನೆಗೆ ಬಂದು ಕೀಲಿಯನ್ನು ಮೊಳೆಗೆ ಸಿಕ್ಕಿಸಿದಳು, ನನ್ನ ಚೀಲವನ್ನು ಮೇಜಿನ ಮೇಲಿಟ್ಟಳು. ತಡವಾಗಿರಲಿಲ್ಲ ಎಂದಳು. ತಲುಪಿದ ಕೂಡಲೇ ನನಗೆ ಫೋನ್ ಮಾಡಿದಳಂತೆ, ಅದು ಅವಳ ಕಾರಿನಲ್ಲೇ ರಿಂಗಾಯಿತಂತೆ. ನಾನು ಚಾ ಸೋಸುತ್ತ, ಮುಖ ತಿರುಗಿಸದೆ, ಮಸ್ಕತ್ತಿಗೆ ಎಂತ ಬರೆದೆ ಎಂದು ಕೇಳಿದೆ.

“ಬರುವುದಿಲ್ಲ ಅಂತ ಬರೆದೆ,” ಎಂದಳು ಪ್ರೆಸಿಲ್ಲಾ. “ಅತ್ತೆಯನ್ನು ನಡುರಸ್ತೆಯಲ್ಲಿ ಬಿಟ್ಟು ಬಲಕ್ಕೆ ತಿರುಗಿದವಳನ್ನು ಆ ಊರಿನಲ್ಲಿ ಇನ್ನು ಯಾರು ಕಾರು ಓಡಿಸ್ಲಿಕ್ಕೆ ಬಿಡ್ತಾರೆ ಮಾಯ್?”