ಶಾಂತಾಬಾಯಿ ಟೀಚರ್ ಚಿವುಟಿದ ಕೈಗಳು

ಏಪ್ರಿಲ್ ಒಂಬತ್ತು, ಬೆಳಿಗ್ಗೆ ಆರೂವರೆಗೆ ಬರೆಯಲು ಕುಳಿತೆ.

ಬೀದರಿನ ನಮ್ಮ ನರ್ಸಿಂಗ್ ಶಾಲೆಯ ಶಾಂತಾಬಾಯಿ ಟೀಚರ್ ಕಂಡವರ ಕೈ ಚಿವುಟುತ್ತಿದ್ದರು. ಚಿವುಟಿದ ಚರ್ಮ ಕೂಡಲೇ ಕೆಳಗಿಳಿಯದಿದ್ದರೆ ಮೈಯಲ್ಲಿ ನೀರು ಕಡಿಮೆ ಎಂದು ಅರ್ಥ. ರೋಗಿ, ವಿದ್ಯಾರ್ಥಿನಿ, ಔರಾದ ಬಸ್ಸಿನ ಕಂಡಕ್ಟರ್, ಯಾರನ್ನೂ ಬಿಟ್ಟವರಲ್ಲ. ಸಂತೆಯಲ್ಲಿ ಬದನೆಕಾಯಿಯನ್ನೂ ಚಿವುಟಿ, "ಇದಕ್ಕ ಸಲಾಯಿನ್ ಹಚ್ಚಬೇಕು" ಎಂದು ವಾಪಸ್ಸು ಇಡುತ್ತಿದ್ದರು. ಲ್ಯಾಬ್ ರಿಪೋರ್ಟ್ ಹಿಡಿದು ಓಡಿಬಂದವರಿಗೆ ಒಂದೇ ಮಾತು: "ಕಾಗದಕ್ಕ ನಾಡಿ ಇರ್ತದೇನ್ ತಂಗಿ? ಮೊದಲು ಮನುಷ್ಯಾನ್ನ ನೋಡು."

ನಾನು ಅಲ್ಲಿ ಕಲಿಯುತ್ತಿದ್ದಾಗ, ಒಂದು ಬರದ ವರ್ಷ, ಕಮಠಾಣ ಹಳ್ಳಿಯ ಐವರು ಕಟ್ಟಡದ ಕೆಲಸಕ್ಕೆ ಪುಣೆಗೆ ಹೊರಟಿದ್ದರು. ಮೂತ್ರದಲ್ಲಿ ಸಕ್ಕರೆ ಇದ್ದವರನ್ನು ಲಾರಿ ಹತ್ತಿಸುವುದಿಲ್ಲ ಎಂದು ಕೂಲಿಗಳನ್ನು ಕರೆದೊಯ್ಯುವ ಮುಕಾದಮ ಹೇಳಿದ್ದರಿಂದ, ಊರಲ್ಲಿ ನಾವು ನಡೆಸುತ್ತಿದ್ದ ತಪಾಸಣೆಗೆ ಬಂದರು. ಬಾಟ್ಲಿಗಳನ್ನು ಪರೀಕ್ಷಿಸಿದವಳು ನಾನು. ಐದರಲ್ಲೂ ಸಕ್ಕರೆ, ಐದರಲ್ಲೂ ಒಂದೇ ಪ್ರಮಾಣ. ಪಟ್ಟಿ ಬರೆದು, ಅಡಿಗೆರೆ ಎಳೆದು, ‘ಕಮಠಾಣದಲ್ಲಿ ಸಕ್ಕರೆ ಕಾಯಿಲೆಯ ಹಾವಳಿ’ ಎಂದು ತಲೆಬರಹವನ್ನೂ ಕೊಟ್ಟೆ. ಐವರ ಮುಖ ಬಾಡಿತು. ಹೊರಗೆ ಲಾರಿ ಕಾಯುತ್ತಿತ್ತು.

ಟೀಚರ್ ಪಟ್ಟಿ ನೋಡಲೇ ಇಲ್ಲ. ಎಲ್ಲರ ಕೈ ಚಿವುಟಿದರು, ನಾಲಿಗೆ ಚಾಚಿಸಿದರು. ನಾಲ್ವರು ಒಣಗಿಹೋಗಿದ್ದರು. ಐದನೆಯವನಾದ ಕಾಶಿನಾಥ ಮಾಮಾ ಮಾತ್ರ ಎರಡನೇ ತಂಬಿಗೆ ನೀರು ಮುಗಿಸಿ, ಮತ್ತೆ ಗೋಡೆಯ ಮರೆಗೆ ಹೊರಟಿದ್ದ.

"ಈ ನಾಲ್ಕು ಮಂದಿ ಮೈಯಾಗ ಹನಿ ನೀರಿಲ್ಲ. ಬಾಟ್ಲಿ ಹ್ಯಾಂಗ ತುಂಬಿದ್ವು?"

ಒಬ್ಬ ತಲೆ ತುರಿಸಿಕೊಂಡ. "ನಮಗ ಬರಲೇ ಇಲ್ರಿ ಬಾಯೋರ. ಮಾಮಾ ಅಂದ, ನನ್ ಬಲ್ಲಿ ಬೇಕಾದಷ್ಟದ, ತಗೊಳ್ರಿ ಅಂತ."

"ಊರವರಿಗಿ ಇಷ್ಟೂ ಕೊಡಲಿಲ್ಲಂದ್ರ ಹ್ಯಾಂಗ್ರಿ," ಎಂದ ಮಾಮಾ ನಾಚುತ್ತ.

ಟೀಚರ್ ನನ್ನತ್ತ ತಿರುಗಿದರು. "ಇಂಥ ಬರದಾಗ ಇಷ್ಟು ದಾನ ಮಾಡಾವಂಗ ಜಡ್ಡದ ಅಂತ ತಿಳೀಲಿಕ್ಕ ಕಾಗದ ಬೇಕೇನ್ ತಂಗಿ?"

ನಾಲ್ವರಿಗೂ ನೀರು ಕುಡಿಸಿ ಕಾದೆವು. ಈ ಸಲ ಅವರವರದೇ ಬಾಟ್ಲಿ; ಸಕ್ಕರೆ ಇಲ್ಲ. ಲಾರಿ ಹತ್ತಿದರು.

"ನಾ ಹೊಟ್ಟಿಗಿ ಏನ್ ಮಾಡ್ಲಿರಿ?" ಎಂದ ಮಾಮಾ. ಟೀಚರ್ ಅವನಿಗೆ ಬೀದರಿನಲ್ಲಿ ಔಷಧ ಕೊಡಿಸಿ, ಗಾಂಧಿ ಗಂಜ ಮಾರುಕಟ್ಟೆಯ ಧಾನ್ಯದ ಅಡತಿ ಅಂಗಡಿಯೊಂದರಲ್ಲಿ ಕಾವಲಿಗೆ ಹಚ್ಚಿದರು. "ಕೂತಲ್ಲೇ ಕೆಲಸ. ಆದ್ರ ಯಾರಿಗೂ ಏನೂ ಉದ್ರಿ ಕೊಡಬ್ಯಾಡ," ಎಂದು ತಾಕೀತು ಮಾಡಿದರು.

ನಿವೃತ್ತಿಯಾಗಿ ಭಾಲ್ಕಿ ಬಸ್ಸು ಹತ್ತುವಾಗಲೂ ಕಿಟಕಿಯಿಂದ ನನ್ನ ಕೈ ಚಿವುಟಿದರು. "ನೀರು ಕುಡಿ." ಮೊನ್ನೆ ಭಾಲ್ಕಿಗೆ ಹೋದರೆ ಮನೆಗೆ ಬೀಗ. ಮಗಳ ಊರಿಗೆ ಹೋದರಂತೆ; ಯಾವ ಊರೋ ನೆರೆಯವರಿಗೆ ತಿಳಿಯದು.

ಬಸ್ಸಿನಲ್ಲೋ ಸಂತೆಯಲ್ಲೋ ಅಪರಿಚಿತ ಮುದುಕಿಯೊಬ್ಬರು ನಿಮ್ಮ ಕೈ ಚಿವುಟಿದರೆ ದಯವಿಟ್ಟು ಬೇಸರಪಡಬೇಡಿ. ಮೊದಲು ನೀರು ಕುಡಿಯಿರಿ. ಆಮೇಲೆ ಯಾವ ಊರು, ಯಾವ ದಿನ ಎಂದು ನನಗೊಂದು ಸಾಲು ಬರೆಯಿರಿ.